ಎರಡು ಹಸಿರು ಟಿಪ್ಪರುಗಳು

ಹಲ್ಲಿನ ಡಾಕ್ಟರು ನಮ್ಮ ಪ್ರೆಸ್ಸಿಗೆ ಮೊದಲ ಸಲ ಬಂದಾಗ ಅಂಗಿಯ ಜೇಬಿನಿಂದ ಬೆರಳುದ್ದದ ಒಂದು ಆಂಬ್ಯುಲೆನ್ಸ್ ತೆಗೆದು ಅಚ್ಚುಮೊಳೆಗಳನ್ನು ಇಡುವ ನನ್ನ ಕೇಸಿನ ಅಂಚಿನ ಮೇಲೆ ಇಟ್ಟರು. ಆಮೇಲೆ ಅದನ್ನು ಮಗುಚಿ ಅಡಿಭಾಗ ತೋರಿಸಿ, ಇಲ್ಲಿ ಏನು ಬರೆದಿದೆ ಓದು ಎಂದರು. ಸಾಸಿವೆಗಿಂತ ಸಣ್ಣ ಇಂಗ್ಲಿಷ್ ಅಕ್ಷರಗಳು ಲೋಹದಿಂದ ಉಬ್ಬಿ ನಿಂತಿದ್ದವು. ಇಂಗ್ಲೆಂಡಿನಲ್ಲಿ ಮಾಡಿದ್ದು ಎಂದಿತ್ತು. ಓದಿ ಹೇಳಿದೆ. ಕೊನೆಯ ಅಕ್ಷರದ ಕಾಲು ಸ್ವಲ್ಪ ಮುರಿದಿದೆ ಎಂದೂ ಸೇರಿಸಿದೆ.

ಡಾಕ್ಟರು ಭೂತಗನ್ನಡಿ ತೆಗೆದು ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ನಮ್ಮ ಯಜಮಾನರ ಕಡೆ ತಿರುಗಿ, "ನನ್ನ ಪುಸ್ತಕ ಈ ಹುಡುಗಿಯೇ ಜೋಡಿಸಲಿ" ಎಂದು ಮಲಯಾಳದಲ್ಲಿ ಹೇಳಿದರು.

ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇರಲಿಲ್ಲ. ಅಕ್ಷರ ಜೋಡಿಸುವವರ ಕಣ್ಣು ದಿನಕ್ಕೆ ಎಂಟು ಗಂಟೆ ಇಂಥದ್ದನ್ನೇ ನೋಡುತ್ತದೆ. ಸೀಸದ ಮೊಳೆಯ ತಲೆಯ ಮೇಲಿನ ಅಕ್ಷರ ಎಡಬಲ ತಿರುಗಿರುತ್ತದೆ. ಅದರ ಒಂದು ಕೊಂಬು ಸವೆದಿದ್ದರೆ, ಬಾಲ ಚಿಪ್ಪೆದ್ದಿದ್ದರೆ, ಕರಡಚ್ಚು ತೆಗೆಯುವ ಮೊದಲೇ ತಿಳಿಯಬೇಕು. ಇಲ್ಲದಿದ್ದರೆ ಬೈಗುಳ.

ಆಗ ಜಿಲ್ಲೆ ಹೊಸದು. ಅಲ್ಲಿಯವರೆಗೆ ನಮ್ಮ ಪ್ರೆಸ್ಸಿದ್ದ ಸುಲ್ತಾನ್ ಬತ್ತೇರಿಯ ಅಂಗಡಿ ಬೋರ್ಡುಗಳ ಕೊನೆಯಲ್ಲಿ ಕೋಳಿಕ್ಕೋಡ್ ಜಿಲ್ಲೆ ಎಂದು ಇರುತ್ತಿತ್ತು. ವಯನಾಡ್ ಜಿಲ್ಲೆ ಆದದ್ದೇ ತಡ, ಸೊಸೈಟಿಗೆ, ಶಾಲೆಗೆ, ಸಾಮಿಲ್ಲಿಗೆ, ಪಂಚಾಯತಿಗೆ, ಎಲ್ಲರಿಗೂ ಹೊಸ ಲೆಟರ್‌ಹೆಡ್ ಬೇಕಾಯಿತು. ನಮ್ಮ ಮಲಯಾಳದ ಕೇಸಿನಲ್ಲಿ 'ವ' ಅಕ್ಷರದ ಮೊಳೆಗಳು ಸವೆದು ಮೊಂಡಾದವು. ಯಜಮಾನರು ಕೋಳಿಕ್ಕೋಡಿಗೆ ಹೋಗಿ ಬರೀ 'ವ' ತುಂಬಿದ ಪೊಟ್ಟಣ ತಂದರು. ನಾನು ಕಲ್ಲೂರಿನಿಂದ ಬೆಳಗಿನ ಬಸ್ಸಿಗೆ ಬಂದು, ಸಂಜೆಯ ಬಸ್ಸಿಗೆ ಹಿಂದಿರುಗುತ್ತಿದ್ದೆ. ಅಪ್ಪ ಗುಂಡ್ಲುಪೇಟೆ ಕಡೆಯಿಂದ ತರಕಾರಿ ತರಿಸಿ ಮಾರುತ್ತಿದ್ದರು. ಶಾಲೆಯಲ್ಲಿ ಕಲಿತದ್ದು ಮಲಯಾಳ. ಕನ್ನಡ ಓದಲು ಕಲಿಸಿದವರು ಅಮ್ಮ. ಪ್ರೆಸ್ಸಿನ ಮೂಲೆಯಲ್ಲಿ ಕನ್ನಡದ ಒಂದು ಕೇಸು ಇತ್ತು. ಗಡಿಯ ಕಡೆಯ ನಮ್ಮವರ ಮದುವೆ ಕಾರ್ಡಿಗೆ ಮಾತ್ರ ಅದರ ಧೂಳು ಹಾರುತ್ತಿತ್ತು. ಅದನ್ನು ಮುಟ್ಟುವವಳು ನಾನೊಬ್ಬಳೇ.

ಡಾಕ್ಟರ ಪುಸ್ತಕ ಮೂವತ್ತು ಪುಟಗಳ ಇಂಗ್ಲಿಷ್ ಪಟ್ಟಿ. ಅವರ ಹಾಗೆಯೇ ಹಳೆಯ ಲೋಹದ ಆಟಿಕೆ ಗಾಡಿಗಳನ್ನು ಕೂಡಿಡುವವರು ಬೇರೆ ಬೇರೆ ಊರುಗಳಲ್ಲಿ ಇದ್ದರಂತೆ. ಅವರಿಗೆ ಅಂಚೆಯಲ್ಲಿ ಕಳಿಸಲು. ನನಗೆ ಮೊದಲು ನಗು ಬಂತು. ಅರ್ಧ ತಲೆ ನರೆತ, ಊರಿನವರೆಲ್ಲ ಹೆದರಿ ಬಾಯಿ ತೆರೆಯುವ ಮನುಷ್ಯ ಬೆರಳುದ್ದದ ಲಾರಿಗಳನ್ನು ಹತ್ತಿಯಲ್ಲಿ ಸುತ್ತಿ ಇಡುತ್ತಾರೆ ಎಂದರೆ ಯಾರಿಗೆ ನಗು ಬರುವುದಿಲ್ಲ? ಆದರೆ ಒಂದೊಂದೇ ಅಕ್ಷರ ಜೋಡಿಸುತ್ತ ಹೋದ ಹಾಗೆ ಅದರಲ್ಲಿ ಬರೆದದ್ದು ನನ್ನ ತಲೆಗೂ ಇಳಿಯಿತು.

ಒಂದೇ ಗಾಡಿಯನ್ನು ಕಾರ್ಖಾನೆಯವರು ವರ್ಷಗಟ್ಟಲೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ನಡುವೆ ಎಲ್ಲೋ ಅಚ್ಚನ್ನು ತಿದ್ದುತ್ತಾರೆ. ಒಂದು ಕಿಟಕಿ ಮುಚ್ಚುತ್ತದೆ, ಒಂದು ಏಣಿಯ ಮೆಟ್ಟಿಲು ದಪ್ಪವಾಗುತ್ತದೆ, ಅಡಿಯಲ್ಲಿ ಒಂದು ಅಂಕಿ ಹೆಚ್ಚಾಗುತ್ತದೆ. ಅಂಗಡಿಯಲ್ಲಿ ಕೊಳ್ಳುವ ಮಗುವಿಗೆ ಅದು ಗೊತ್ತಾಗುವುದೇ ಇಲ್ಲ. ತಿದ್ದುವ ಮೊದಲು ಸ್ವಲ್ಪವೇ ಹೊಯ್ದಿದ್ದರೆ ಆ ಮೊದಲಿನದು ಅಪರೂಪದ್ದು.

"ಬಣ್ಣ ನೋಡಬೇಡ. ಬಣ್ಣ ಯಾರಾದರೂ ಬಳಿಯಬಹುದು. ಚಕ್ರವನ್ನೂ ನಂಬಬೇಡ, ಬಿಚ್ಚಿ ಬೇರೆ ಹಾಕುವವರಿದ್ದಾರೆ. ಎರಕ ನೋಡು," ಎಂದು ಡಾಕ್ಟರು ಹೇಳಿಕೊಟ್ಟರು. ಕರಡು ತಿದ್ದಲು ಬರುವಾಗಲೆಲ್ಲ ಎರಡು ಮೂರು ಗಾಡಿ ತಂದು ನನ್ನ ಮುಂದೆ ಸಾಲಾಗಿ ನಿಲ್ಲಿಸುತ್ತಿದ್ದರು. ಇದಕ್ಕೂ ಇದಕ್ಕೂ ಏನು ವ್ಯತ್ಯಾಸ, ಹೇಳು. ಮಧ್ಯಾಹ್ನ ಬುತ್ತಿ ತಿನ್ನುತ್ತ ನಾನು ಹುಡುಕುತ್ತಿದ್ದೆ. ಸಿಕ್ಕಿದರೆ ಆ ದಿನವೆಲ್ಲ ಹಗುರ. ಸಿಗದಿದ್ದರೆ ಬಸ್ಸಿನಲ್ಲೂ ಅದೇ ಯೋಚನೆ.

ಪಟ್ಟಿಯ ನಡುವೆ ಒಂದು ಹಸಿರು ಟಿಪ್ಪರ್ ಲಾರಿ ಇತ್ತು. ಮಣ್ಣು ತುಂಬಿ ಹಿಂದಕ್ಕೆ ಎತ್ತಿ ಸುರಿಯುವ ನಮೂನೆಯದು. ಡಾಕ್ಟರ ಬಳಿ ಇದ್ದುದರಲ್ಲಿ ಮುಂದಿನ ಮಡ್‌ಗಾರ್ಡಿಗೂ ಬಂಪರಿಗೂ ನಡುವೆ, ಅಕ್ಕಿಕಾಳಿನಷ್ಟು ಉದ್ದದ ಒಂದು ಓರೆಯ ಆಸರೆ ಇತ್ತು. ಮನೆಯ ಸೂರಿಗೆ ಕೊಡುವ ಓರೆಗಂಬದ ಹಾಗೆ. ಆ ಆಸರೆ ಇಲ್ಲದ ಟಿಪ್ಪರೂ ಇದೆ ಎಂದು ಬೊಂಬಾಯಿಯ ಒಬ್ಬರು ಕಾಗದದಲ್ಲಿ ಬರೆದಿದ್ದರು. ಡಾಕ್ಟರು ಅದನ್ನು ಕಂಡಿರಲಿಲ್ಲ. ಆದರೂ ಪಟ್ಟಿಯಲ್ಲಿ ಬರೆದಿದ್ದರು: ಆಸರೆ ಇರುವುದು ಮೊದಲಿನದು, ಇಲ್ಲದ್ದು ಆಮೇಲಿನದು, ಲೋಹ ಉಳಿಸಲು ತೆಗೆದುಹಾಕಿರಬೇಕು. ನಾನೂ ಹಾಗೆಯೇ ಜೋಡಿಸಿದೆ.

ಆ ಪುಟದ ಕರಡು ಮೇಜಿನ ಮೇಲೆ ಒಣಗುತ್ತಿದ್ದ ದಿನವೇ ಅಡುಗೆಯ ದೊಡ್ಡಪ್ಪ ಬಂದದ್ದು. ನನಗೆ ಅವರು ನಿಜವಾದ ದೊಡ್ಡಪ್ಪ ಅಲ್ಲ. ಕಲ್ಲೂರಿನಿಂದ ಒಳಗೆ, ನೂಲ್ಪುಳದ ಕಡೆ ಗದ್ದೆಯಂಚಿನಲ್ಲಿ ಅವರ ಮನೆ. ಮೇಪ್ಪಾಡಿ ಕಡೆಯ ಒಂದು ಟೀ ಎಸ್ಟೇಟಿನ ಬಂಗಲೆಯಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವರು. ತಮ್ಮನ ಮಗನ ಮದುವೆಗೆ ಕನ್ನಡದಲ್ಲಿ ಕಾರ್ಡು ಮಾಡಿಸಲು ಬಂದಿದ್ದರು. ಹೆಸರುಗಳನ್ನು ಹೇಳುತ್ತ ಹೇಳುತ್ತ ಅವರ ಮಾತು ನಿಂತಿತು. ಕಣ್ಣು ಡಾಕ್ಟರ ಟಿಪ್ಪರಿನ ಮೇಲೆ ಇತ್ತು.

"ಇದು ಇಲ್ಲಿ ಎಂಗೆ ಬಂತು?"

"ಡಾಕ್ಟರದು ದೊಡ್ಡಪ್ಪ. ಅಚ್ಚಿಗೆ ಅಂತ ತಂದಿಟ್ಟಿದಾರೆ."

"ನಮ್ ತಾವೂ ಅವೆ ಕಣವ್ವ. ಒಂದು ಬಿಸ್ಕತ್ ಡಬ್ಬ ತುಂಬ. ಸಾಯ್ಪು ಬಿಟ್ಟೋದಾಗ ಮದಾಮ್ಮ ಕೊಟ್ಟೋಯ್ತು. ಈ ಲಾರಿ ಎರಡು ಅವೆ." ಸಾಯ್ಪು ಎಂದರೆ ಎಸ್ಟೇಟಿನ ಇಂಗ್ಲಿಷ್ ಮ್ಯಾನೇಜರು, ಮದಾಮ್ಮ ಅವನ ಹೆಂಡತಿ. ಅವರಿಗೆ ಒಬ್ಬ ಮಗನಿದ್ದ. ಅವನ ಆಟಿಕೆಗಳು.

ಎರಡು ಇವೆ ಎಂದದ್ದು ನನ್ನ ಕಿವಿಯಲ್ಲಿ ಉಳಿಯಿತು. ಭಾನುವಾರ ಊಟ ಮುಗಿಸಿ ಅಮ್ಮನಿಗೆ ಹೇಳಿ ಹೊರಟೆ. ಡಾಕ್ಟರು ಕೊಟ್ಟ ಭೂತಗನ್ನಡಿ ಸೆರಗಿನ ಗಂಟಿನಲ್ಲಿತ್ತು.

ದೊಡ್ಡಮ್ಮ ಜಗುಲಿಯ ಮೇಲೆ ಚಾಪೆ ಹಾಸಿ ಡಬ್ಬ ಸುರಿದರು. ಹದಿನೇಳು ಗಾಡಿಗಳು. ಹಾಲಿನ ಲಾರಿ, ರಸ್ತೆ ರೋಲರು, ಮುಂಭಾಗ ಚಪ್ಪಟೆಯಾದ ಬಸ್ಸು. ಎರಡು ಹಸಿರು ಟಿಪ್ಪರುಗಳನ್ನು ನಾನು ಪಕ್ಕಕ್ಕೆ ತೆಗೆದೆ. ಒಂದರ ಬಣ್ಣ ಚೆನ್ನಾಗಿತ್ತು. ಇನ್ನೊಂದು ಕಲ್ಲುಮಣ್ಣಿನಲ್ಲಿ ಎಳೆದಾಡಿ ಮೂಲೆಗಳಲ್ಲೆಲ್ಲ ಬೂದು ಲೋಹ ಕಾಣುತ್ತಿತ್ತು, ಮುಂದಿನ ಅಚ್ಚುಗೋಲಿಗೆ ಮಾಸಿದ ಕೆಂಪು ದಾರ ಸುತ್ತಿಕೊಂಡಿತ್ತು. ಎರಡನ್ನೂ ಮಗುಚಿದೆ. ಸವೆದ ಲಾರಿಗೆ ಆಸರೆ ಇತ್ತು. ಬಣ್ಣ ಉಳಿದ ಲಾರಿಗೆ ಆಸರೆ ಇರಲಿಲ್ಲ. ಮುರಿದದ್ದೂ ಅಲ್ಲ, ಅಲ್ಲಿ ಎರಕವೇ ನುಣುಪಾಗಿತ್ತು. ಡಾಕ್ಟರು ಕಾಣದೆ ಬರೆದದ್ದು ನನ್ನ ಅಂಗೈಯಲ್ಲಿತ್ತು.

"ಇದರಲ್ಲಿ ಯಾವುದು ಮೊದಲು ಬಂದದ್ದು ದೊಡ್ಡಪ್ಪ?" ಎಂದು ಕೇಳಿದೆ. ಪಟ್ಟಿಗೆ ಬೇಕಾದದ್ದು ಅಷ್ಟೇ. ನಾನು ಬೇರೆ ಯಾವ ಅರ್ಥದಲ್ಲೂ ಕೇಳಿರಲಿಲ್ಲ.

"ದಾರ ಸುತ್ತಿರೋದು," ಎಂದರು ದೊಡ್ಡಪ್ಪ.

"ಅಲ್ಲ," ಎಂದರು ದೊಡ್ಡಮ್ಮ. "ದಾರ ಇರೋದು ಆಮೇಲೆ ಬಂದುದ್ದು."

ದೊಡ್ಡಪ್ಪ ಹೆಂಡತಿಯ ಮುಖ ನೋಡಲಿಲ್ಲ. ಎಮ್ಮೆಗೆ ನೀರು ತೋರಿಸಬೇಕು ಎಂದು ಎದ್ದು ಹೋದರು. ಎಮ್ಮೆ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ ನೆಮ್ಮದಿಯಾಗಿ ಮಲಗಿತ್ತು.

ದೊಡ್ಡಮ್ಮ ಗಾಡಿಗಳನ್ನು ಡಬ್ಬಕ್ಕೆ ತುಂಬುತ್ತ ಹೇಳಿದರು. ಬಂಗಲೆಯ ಹುಡುಗನಿಗೆ ಅವನ ಅಪ್ಪ ಇಂಗ್ಲೆಂಡಿನಿಂದ ಒಂದು ಟಿಪ್ಪರ್ ತಂದುಕೊಟ್ಟಿದ್ದ. ಎರಡು ವರ್ಷ ಅವನು ಅದನ್ನು ಕೈಬಿಟ್ಟವನಲ್ಲ. ಒಂದು ದಿನ ಅದು ಕಾಣೆಯಾಯಿತು. ಹುಡುಗ ಊಟ ಬಿಟ್ಟ. ಕಡೆಗೆ ಇಂಗ್ಲೆಂಡಿನ ಅಜ್ಜಿಗೆ ಬರೆದು ಅಂಥದ್ದೇ ಇನ್ನೊಂದನ್ನು ಪಾರ್ಸೆಲಿನಲ್ಲಿ ತರಿಸಿದರು. ಆಮೇಲೆ ಕೆಲವು ತಿಂಗಳಿಗೆ ಹುಡುಗ ಊಟಿಯ ಬೋರ್ಡಿಂಗ್ ಶಾಲೆಗೆ ಹೋದ. ಅವನು ಹೋದ ವಾರವೇ ದೊಡ್ಡಪ್ಪನಿಗೆ ತಮ್ಮ ಮಗಳ ಬಟ್ಟೆಯ ಪೆಟ್ಟಿಗೆಯಲ್ಲಿ ಒಂದು ಹಸಿರು ಟಿಪ್ಪರ್ ಸಿಕ್ಕಿತು. ಕೆಂಪು ದಾರ ಕಟ್ಟಿತ್ತು. ಮಗಳಿಗೆ ಆಗ ಎಂಟು ವರ್ಷ.

"ಅಣ್ಣ ಕೊಟ್ಟ ಅಂದ್ಳು. ಆ ಹುಡ್ಗನ್ನ ಅಣ್ಣ ಅಂತಿದ್ಳು. ಯಾವ್ದು ಕೊಟ್ಟ ಅಂತ ಇವ್ರು ಕೇಳುದ್ರು. ಹೊಸದು ಕೊಟ್ಟ, ಹಳೇದು ಅವ್ನೇ ಮಡಿಕೊಂಡ ಅಂದ್ಳು. ಹೊಸದ ಕೊಟ್ಟು ಹಳೇದ ಮಡಿಕೊಳೋ ಮಗು ಎಲ್ಲಾದ್ರೂ ಉಂಟಾ ಅಂತ ಇವ್ರು ಹೊಡುದ್ರು. ಕಾಣೆಯಾದ ಲಾರಿ ಇದೇ ಅಂದ್ರು. ಮದಾಮ್ಮಂಗೆ ಗೊತ್ತಾದ್ರೆ ಕೆಲಸ ಓಯ್ತದೆ ಅಂತ ಭಯ. ಸದ್ದಿಲ್ದೆ ತಕ್ಕೊಂಡೋಗಿ ಹುಡ್ಗನ ಡಬ್ಬಕ್ಕೆ ಹಾಕುದ್ರು. ಮಗಳ್ನ ಗುಂಡ್ಲುಪೇಟೆ ತಾವ ನಮ್ಮವ್ವನ ಮನೆಗೆ ಕಳಿಸ್ಬುಟ್ರು. ಬಂಗ್ಲೆ ಒಳಗೆ ಕೈ ಚಳಕ ಕಲೀಬಾರ್ದು ಅಂತ."

ಮಗಳು ಅಲ್ಲಿಯೇ ಬೆಳೆದಳು. ಅಲ್ಲಿಂದಲೇ ಮದುವೆಯಾಗಿ ವೆಳ್ಳಮುಂಡಕ್ಕೆ ಬಂದಳು. ಗಂಡನದು ಮೆಣಸು, ಕಾಫಿಯ ಸಣ್ಣ ತೋಟ. ಹಬ್ಬಕ್ಕೆ ಕರೆದರೆ ಬರುತ್ತಾಳೆ, ಉಣ್ಣುತ್ತಾಳೆ, ಹೋಗುತ್ತಾಳೆ. ಅಪ್ಪ ಕೇಳಿದ್ದಕ್ಕೆ ಎಷ್ಟು ಬೇಕೋ ಅಷ್ಟೇ ಉತ್ತರ.

"ನಂಗೆ ಅವಳ ಮಾತೇ ನಿಜ ಅಂತ ಗೊತ್ತು," ಎಂದರು ದೊಡ್ಡಮ್ಮ. "ಎಂಗೆ ಗೊತ್ತು ಅಂದ್ರೆ ಏನೇಳಲಿ? ಎರಡು ಲಾರಿನೂ ಒಂದೇ ತರ."

ಒಂದೇ ತರ ಅಲ್ಲ ದೊಡ್ಡಮ್ಮ, ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಯಾಕೆಂದರೆ ಡಾಕ್ಟರ ಪಟ್ಟಿಯ ಪ್ರಕಾರ ಆಸರೆ ಇರುವುದೇ ಮೊದಲಿನದು. ಅಂದರೆ ದಾರದ ಲಾರಿಯೇ ಮೊದಲು ಬಂದದ್ದು, ಅದೇ ಕಾಣೆಯಾದದ್ದು. ದೊಡ್ಡಪ್ಪನೇ ಸರಿ. ಆ ವಾಕ್ಯವನ್ನು ನನ್ನ ಕೈಯಾರೆ ಜೋಡಿಸಿದ್ದೆ. ಎರಡು ಲಾರಿಗಳನ್ನೂ ಒಂದು ವಾರಕ್ಕೆ ಕೇಳಿ ತೆಗೆದುಕೊಂಡು ಮನೆಗೆ ಬಂದೆ.

ಆ ವಾರವೆಲ್ಲ ಅವು ನನ್ನ ಬುತ್ತಿಚೀಲದಲ್ಲಿ ಓಡಾಡಿದವು. ಡಾಕ್ಟರು ತಮ್ಮ ಟಿಪ್ಪರನ್ನು ಪ್ರೆಸ್ಸಿನಿಂದ ಒಯ್ದು, ಯಾರದೋ ಮದುವೆಗೆ ತಲಶ್ಶೇರಿಗೆ ಹೋಗಿದ್ದರು. ನಾನು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದೆ. ಲೋಹ ಉಳಿಸಲು ತೆಗೆದರು ಎನ್ನುವುದು ನನಗೇಕೋ ಒಪ್ಪಿಗೆಯಾಗಲಿಲ್ಲ. ಅಕ್ಕಿಕಾಳಿನಷ್ಟು ಸತುವಿನಲ್ಲಿ ಏನು ಉಳಿಯುತ್ತದೆ? ಆದರೆ ಒಪ್ಪಿಗೆಯಾಗದಿದ್ದರೆ ಸಾಲದು, ಕಾರಣ ಬೇಕಲ್ಲ.

ಕಾರಣ ಸಿಕ್ಕಿದ್ದು ಅಮ್ಮನ ಅಡುಗೆಮನೆಯಲ್ಲಿ. ಸಂಕ್ರಾಂತಿ ಹತ್ತಿರವಿತ್ತು. ಅಮ್ಮ ತವರಿನಿಂದ ತಂದ ಮರದ ಅಚ್ಚುಗಳನ್ನು ಬಿಸಿನೀರಿಗೆ ಹಾಕಿ ತೊಳೆದಿಟ್ಟಿದ್ದರು. ಸಕ್ಕರೆ ಪಾಕ ಕುದಿಯುತ್ತಿತ್ತು. ನಮ್ಮ ಊರಿನ ಮಲಯಾಳಿ ನೆರೆಯವರಿಗೆ ಎಳ್ಳುಬೆಲ್ಲ ಹೊಸದಾದರೂ ಸಕ್ಕರೆ ಅಚ್ಚು ಬೇಡ ಎಂದವರಿಲ್ಲ. ನಾನು ಅಚ್ಚುಗಳನ್ನು ಜೋಡಿಸಿ ದಾರ ಬಿಗಿದು ಕೊಡುತ್ತಿದ್ದೆ, ಅಮ್ಮ ಪಾಕ ಹೊಯ್ಯುತ್ತಿದ್ದರು. ಗಿಳಿಯ ಅಚ್ಚು ಬಿಚ್ಚಿದಾಗ ಗಿಳಿಯ ಹೊಟ್ಟೆಯ ಮೇಲೆ ಒಂದು ಹೊಸ ಗುಳ್ಳೆ.

"ಇನ್ನೊಂದು ಚೂರು ಎದ್ದೋಯ್ತು ನೋಡು," ಎಂದು ಅಮ್ಮ ಅಚ್ಚಿನ ಒಳಗೆ ಬೆರಳಾಡಿಸಿದರು. "ಮರ ಹಳೇದಾಯ್ತು. ನಾನು ಮದುವೆಯಾಗಿ ಬಂದಾಗ ಈ ಗಿಳಿ ಎಷ್ಟು ತೆಳ್ಳಗಿತ್ತು. ವರ್ಷ ವರ್ಷ ದಪ್ಪ ಆಗ್ತಾ ಇದೆ."

ನಾನು ಕೈಯಲ್ಲಿದ್ದ ಆನೆಯ ಅಚ್ಚನ್ನು ಕೆಳಗಿಟ್ಟೆ. ಅಚ್ಚಿನಲ್ಲಿ ಚೂರು ಹೋದರೆ ಗೊಂಬೆಗೆ ಚೂರು ಬರುತ್ತದೆ.

"ಅಮ್ಮ, ಗಿಳಿ ಮತ್ತೆ ತೆಳ್ಳಗೆ ಆಗಬೇಕಾದರೆ?"

"ಹೋದ ಮರ ಮತ್ತೆ ಅಂಟಿಸಬೇಕು. ಅದು ಎಲ್ಲಿ ನಿಲ್ಲತ್ತೆ? ಬಿಸಿ ಪಾಕಕ್ಕೆ ಎರಡು ಸಲಕ್ಕೆ ಕಿತ್ತು ಬರತ್ತೆ. ಕೆತ್ತೋದು ಸುಲಭ, ತುಂಬೋದು ಕಷ್ಟ."

ಕಾರ್ಖಾನೆಯ ಉಕ್ಕಿನ ಅಚ್ಚಿಗೂ ಅದೇ ನಿಯಮ ಇರಬೇಕಲ್ಲವೇ? ಲಾರಿಗೆ ಒಂದು ಆಸರೆ ಸೇರಿಸಬೇಕಾದರೆ ಅಚ್ಚಿನಲ್ಲಿ ಅಷ್ಟು ಜಾಗವನ್ನು ಕೆತ್ತಿದರೆ ಸಾಕು. ತೆಗೆಯಬೇಕಾದರೆ ಕೆತ್ತಿದ ಕುಳಿಯನ್ನು ತುಂಬಬೇಕು. ಮಡ್‌ಗಾರ್ಡು ಮಕ್ಕಳ ಕೈಯಲ್ಲಿ ಬಾಗುತ್ತಿದೆ ಎಂದು ದೂರು ಬಂದಿರುತ್ತದೆ, ಯಾರೋ ಅಚ್ಚಿಗೆ ಉಳಿ ಹಾಕಿರುತ್ತಾರೆ. ಹಾಗಿದ್ದರೆ ಆಸರೆ ಇರುವುದೇ ಆಮೇಲಿನದು.

ಪಾಕ ಗಟ್ಟಿಯಾಗುತ್ತಿದೆ ಎಂದು ಅಮ್ಮ ಗದರಿದರು. ಆ ವರ್ಷದ ಆನೆಗಳಿಗೆಲ್ಲ ಸೊಂಡಿಲು ಅರ್ಧವೇ ಬಂತು.

ಆದರೂ ಅದು ನನ್ನ ಊಹೆ. ಮರುದಿನ ಬೆಳಗ್ಗೆ ಪ್ರೆಸ್ಸಿನ ಕಿಟಕಿಯ ಬೆಳಕಿನಲ್ಲಿ ಎರಡು ಲಾರಿಗಳ ಅಡಿಭಾಗವನ್ನು ಮೊಳೆ ನೋಡುವ ಹಾಗೆ ಅಕ್ಷರ ಅಕ್ಷರವಾಗಿ ನೋಡಿದೆ. ಮೊದಲು ಕಾಣದ್ದು ಆಗ ಕಂಡಿತು. ಆಸರೆ ಇಲ್ಲದ ಲಾರಿಯಲ್ಲಿ, ಅಕ್ಷರಗಳ ಕೆಳಗೆ ಅಂಚಿನಿಂದ ಹೊರಟ ಕೂದಲೆಳೆಯಷ್ಟು ಸಣ್ಣ ಉಬ್ಬುಗೆರೆ ಮೂರನೆಯ ಅಕ್ಷರದ ಅಡಿಯಲ್ಲಿ ನಿಂತಿತ್ತು. ದಾರದ ಲಾರಿಯಲ್ಲೂ ಅದೇ ಜಾಗದಿಂದ ಅದೇ ಗೆರೆ ಹೊರಟಿತ್ತು. ಆದರೆ ಅದು ಏಳನೆಯ ಅಕ್ಷರದವರೆಗೆ ಓಡಿತ್ತು.

ಉಬ್ಬುಗೆರೆ ಎಂದರೆ ಅಚ್ಚಿನಲ್ಲಿ ಸೀಳು. ಒಂದೇ ಅಚ್ಚು, ಒಂದೇ ಸೀಳು. ಬೆಳೆಯುತ್ತ ಹೋದ ಸೀಳು.

ಡಾಕ್ಟರು ಬಂದ ದಿನ ನಾನು ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರಿಗೆ ಮೊದಲು ಲಾರಿ ಕಂಡ ಖುಷಿ. ಆಸರೆ ಇಲ್ಲದ್ದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ತಾವು ಬರೆದದ್ದು ತಪ್ಪು ಎಂದು ಇಪ್ಪತ್ತೆರಡು ವರ್ಷದ ಹುಡುಗಿ ಹೇಳುತ್ತಿದ್ದಾಳೆ ಎನ್ನುವುದು ತಲೆಗೆ ಹೋಯಿತು.

"ನಾನು ದಿನಾ ಅಚ್ಚು ಮಾಡುವವನು," ಎಂದರು. "ಹಲ್ಲಿನ ಅಚ್ಚು."

"ಒಂದು ಅಚ್ಚಿನಲ್ಲಿ ಎಷ್ಟು ಹಲ್ಲು ಹೊಯ್ಯುತ್ತೀರಿ ಡಾಕ್ಟರ್?"

"ಒಂದೇ. ಆಮೇಲೆ ಅಚ್ಚು ಒಡೆದು..."

ಅವರ ಅಚ್ಚುಗಳಿಗೆ ಮುಪ್ಪು ಬರುವುದಿಲ್ಲ. ಅಚ್ಚು ಹಳತಾದರೆ ಏನಾಗುತ್ತದೆ ಎಂದು ಅವರು ಯೋಚಿಸಬೇಕಾಗಿಯೇ ಬಂದಿರಲಿಲ್ಲ. ಜೇಬಿನಿಂದ ತಮ್ಮ ಟಿಪ್ಪರ್ ತೆಗೆದು ಮಗುಚಿದರು. ಭೂತಗನ್ನಡಿ ಹಿಡಿದರು. ಅದಕ್ಕೂ ಆಸರೆ ಇತ್ತಲ್ಲ. ಅದರಲ್ಲಿ ಗೆರೆ ಅಕ್ಷರಗಳನ್ನೆಲ್ಲ ದಾಟಿ ಇನ್ನೊಂದು ಅಂಚಿನವರೆಗೆ ಹೋಗಿತ್ತು. ಡಾಕ್ಟರು ಮೂರನ್ನೂ ಸಾಲಾಗಿ ಇಟ್ಟರು: ಮೂರನೆಯ ಅಕ್ಷರ, ಏಳನೆಯ ಅಕ್ಷರ, ಕೊನೆಯ ಅಂಚು. ಸ್ಟೂಲಿನ ಮೇಲೆ ಕುಳಿತುಕೊಂಡು, "ಆ ಪುಟ ಬಿಚ್ಚು," ಎಂದರು. ಅವತ್ತೇ ಬಿಚ್ಚಿ ಮತ್ತೆ ಜೋಡಿಸಿದೆ. ಆಸರೆ ಇಲ್ಲದ್ದು ಮೊದಲಿನದು, ಅಪರೂಪ.

ಆಮೇಲೆ ನಾನು ಅವರಿಗೆ ಮಗಳ ಕಥೆ ಹೇಳಿದೆ. ಅವರು ಹಲ್ಲು ಕೀಳುವ ಮೊದಲು ಯೋಚಿಸುವ ಹಾಗೆ ಯೋಚಿಸಿದರು. "ಎರಕದ ಮಟ್ಟಿಗೆ ಸಂಶಯ ಇಲ್ಲ. ದಾರದ ಲಾರಿ ಆಮೇಲೆ ಹೊಯ್ದದ್ದೇ. ಆದರೆ ಅಂಗಡಿಯವರ ಹತ್ತಿರ ಹಳೆಯ ಮಾಲು ಉಳಿದಿರಬಹುದು. ಆ ಅಜ್ಜಿ ಆಮೇಲೆ ಕೊಂಡದ್ದು ಹಳೆಯ ಎರಕವೂ ಆಗಿರಬಹುದು. ನೂರಕ್ಕೆ ನೂರು ಅಂತ ನಾನು ಹೇಳಲಾರೆ."

ಆ ಮಾತು ನನ್ನನ್ನು ಕಾಡಿತು. ಎಂಟು ವರ್ಷದ ಮಗುವನ್ನು ಊರು ಬಿಡಿಸಿದ ಮನುಷ್ಯನ ಮುಂದೆ ಹೋಗಿ, ಬಹುಮಟ್ಟಿಗೆ ನೀವು ತಪ್ಪು ಎಂದು ಹೇಗೆ ಹೇಳುವುದು? ಆದರೂ ಮುಂದಿನ ಭಾನುವಾರ ಹೋದೆ. ಜಗುಲಿಯ ಮೇಲೆ ಇಬ್ಬರನ್ನೂ ಕೂರಿಸಿ, ಭೂತಗನ್ನಡಿ ದೊಡ್ಡಪ್ಪನ ಕೈಗೆ ಕೊಟ್ಟು, ಗೆರೆ ತೋರಿಸಿದೆ. ಸಕ್ಕರೆ ಗಿಳಿಯ ವಿಷಯ ಹೇಳಿದೆ. ಡಾಕ್ಟರ ಅನುಮಾನವನ್ನೂ ಮುಚ್ಚಿಡಲಿಲ್ಲ.

ದೊಡ್ಡಪ್ಪ ಬಹಳ ಹೊತ್ತು ನೋಡಿದರು. ಸಾಯ್ಪುವಿನ ಅಡುಗೆಮನೆಯಲ್ಲಿ ಅವರು ಜೆಲ್ಲಿ, ಪುಡಿಂಗು ಎಲ್ಲ ಅಚ್ಚಿನಲ್ಲಿ ಹೊಯ್ದವರು. ನಾನು ಹೇಳಿದ್ದು ನನಗಿಂತ ಬೇಗ ಅವರಿಗೆ ಅರ್ಥವಾಯಿತು ಎಂದು ಕಾಣುತ್ತದೆ.

"ಪಾತ್ರೆ ನಗ್ಗಿದ್ರೆ ಪುಡಿಂಗೂ ನಗ್ಗೇ ಬತ್ತದೆ," ಎಂದರು ಮೆಲ್ಲಗೆ. ಲಾರಿಯನ್ನು ಚಾಪೆಯ ಮೇಲೆ ಇಟ್ಟರು.

ದೊಡ್ಡಮ್ಮ ನನ್ನನ್ನು ಗದ್ದೆಯ ಬದುವಿನವರೆಗೆ ಕಳಿಸಲು ಬಂದರು. "ನೀನೂ ನಮ್ ಜತೆ ವೆಳ್ಳಮುಂಡಕ್ಕೆ ಬಾ ಕೂಸೆ. ನಾವೇ ಓದ್ರೆ ಇವ್ರು ಬೆಳೆ ಮಳೆ ಮಾತಾಡ್ಕಂಡು ವಾಪಸ್ ಬಂದ್ಬುಡ್ತಾರೆ."

ಯಜಮಾನರಿಂದ ಒಂದು ದಿನ ರಜೆ ಕೇಳಿದೆ. ಬತ್ತೇರಿಯಿಂದ ಮಾನಂತವಾಡಿಗೆ ಒಂದು ಬಸ್ಸು, ಅಲ್ಲಿಂದ ವೆಳ್ಳಮುಂಡಕ್ಕೆ ಇನ್ನೊಂದು. ದೊಡ್ಡಪ್ಪ ಒಗೆದ ಬಿಳಿ ಅಂಗಿ ತೊಟ್ಟಿದ್ದರು. ಲಾರಿಗಳೆರಡೂ ನನ್ನ ಚೀಲದಲ್ಲಿದ್ದವು.

ಮಗಳು ಮೆಣಸು ಹರವಿದ್ದ ಅಂಗಳದಲ್ಲಿದ್ದಳು. ನನಗಿಂತ ಒಂದೆರಡು ವರ್ಷ ದೊಡ್ಡವಳು, ಅಪ್ಪನ ಹಾಗೆಯೇ ಎತ್ತರ. ಮುನ್ಸೂಚನೆ ಇಲ್ಲದೆ ಬಂದದ್ದಕ್ಕೆ ಯಾರಿಗೋ ಏನೋ ಆಗಿದೆ ಎಂದು ಗಾಬರಿಯಾದಳು. ಏನೂ ಆಗಿಲ್ಲ ಎಂದು ದೊಡ್ಡಮ್ಮ ಹೇಳಿದರು. ನೀರು ಕೊಟ್ಟಳು, ಕಾಫಿ ಕೊಟ್ಟಳು. ದೊಡ್ಡಪ್ಪ ಮೆಣಸಿನ ಬಳ್ಳಿಗೆ ಎಲೆರೋಗ ಬಂದಿದೆಯಾ ಎಂದು ಕೇಳಿದರು. ಇಲ್ಲ ಎಂದಳು.

ನಾನು ಲಾರಿಗಳನ್ನು ತೆಗೆದು ಬೆಂಚಿನ ಮೇಲೆ ಇಟ್ಟೆ. ಅವಳು ನೋಡಿದಳು. ದಾರದ ಲಾರಿಯನ್ನು ಎತ್ತಿಕೊಂಡಳು. ನಾನು ಎಲ್ಲಿಂದ ಶುರುಮಾಡಲಿ ಎಂದು ಬಾಯಿ ತೆರೆಯುವ ಮೊದಲೇ ಅವಳ ಹೆಬ್ಬೆರಳು ಬಂಪರಿನ ಅಡಿಗೆ ಹೋಗಿ, ಆಸರೆ ಇದ್ದ ಕಡೆ ನಿಂತಿತು.

"ತೂತು ಇನ್ನೂ ಅದೆ," ಎಂದಳು.

"ಯಾವ ತೂತು?" ನಾನು ಕೇಳಿದೆ.

"ಇಲ್ಲಿ ನೋಡಿ. ಈ ಕಡ್ಡಿ ಹಿಂದ್ಗಡೆ." ಓರೆಯ ಆಸರೆಗೂ ಮಡ್‌ಗಾರ್ಡಿಗೂ ನಡುವೆ ಒಂದು ಸಣ್ಣ ತ್ರಿಕೋನದ ಸಂದು ಇತ್ತು. ವಾರಗಟ್ಟಲೆ ನೋಡಿದ್ದರೂ ನನಗೆ ಆಸರೆ ಕಂಡಿತ್ತೇ ಹೊರತು ಸಂದು ಕಂಡಿರಲಿಲ್ಲ. "ಇದರೊಳಗೆ ದಾರ ಪೋಣಿಸ್ತಿದ್ದೆ, ಎಳೆಯೋಕೆ. ಈಗ ಜಾರಿ ಅಚ್ಚುಗೋಲಿಗೆ ಸುತ್ತಿಕೊಂಡದೆ. ಹಳೇ ಲಾರಿಗೆ ಇದಿರ್ಲಿಲ್ಲ. ಅದಕ್ಕೆ ಅಚ್ಚುಗೋಲು ಬುಟ್ರೆ ದಾರ ಕಟ್ಟೋಕೆ ಎಲ್ಲೂ ಜಾಗ ಇಲ್ಲ, ಅಲ್ಲಿ ಕಟ್ಟುದ್ರೆ ಚಕ್ರ ತಿರುಗಲ್ಲ. ಯಾವ್ದು ಬೇಕು ಅಂತ ಅಣ್ಣ ಕೇಳ್ದ. ನಾನು ಹೊಸದೇ ಬೇಕು ಅಂದೆ."

ದೊಡ್ಡಪ್ಪ ಬೆಂಚಿನ ತುದಿಯಲ್ಲಿ ಕುಳಿತಿದ್ದರು. ಅವರ ಕೈಯಲ್ಲಿ ಕಾಫಿ ಲೋಟ ಹಾಗೇ ಇತ್ತು.

"ಅವ್ನು ಒಪ್ಪಿದ್ನಾ?" ಎಂದರು ದೊಡ್ಡಮ್ಮ.

"ಅವ್ನಿಗೆ ಹಳೇದೇ ಇಷ್ಟ. ಹಳೇದು ಅವರಪ್ಪನ ಗಮ್‌ಬೂಟಿನೊಳಗೆ ಸಿಕ್ತು. ಅವ್ನೇ ಒಳಗೆ ಬಿಟ್ಟು ಮರ್ತಿದ್ದ. ಹೇಳುದ್ರೆ ಹೊಸದನ್ನ ವಾಪಸ್ ಕಳಿಸ್ತಾರೆ, ಅಜ್ಜಿಗೆ ಬೇಜಾರಾಗ್ತದೆ ಅಂತ ಯಾರಿಗೂ ಹೇಳ್ಬೇಡ ಅಂದ. ನಾನು ಹೇಳ್ಲಿಲ್ಲ." ಲಾರಿಯನ್ನು ಬೆಂಚಿನ ಮೇಲೆ ಇಟ್ಟು, "ಆಮೇಲೆ ಹೇಳ್ದೆ," ಎಂದಳು.

ದೊಡ್ಡಪ್ಪ ಲೋಟ ಕೆಳಗಿಟ್ಟರು. "ಅವತ್ತು ನೀ ಹೇಳುದ್ದು ನಿಜ ಇತ್ತು, ಮಗ. ನಾನು ಹೊಡುದ್ದು ತಪ್ಪು. ಊರಿಗೆ ಕಳಿಸುದ್ದೂ ತಪ್ಪು."

ಮಗಳು ಲಾರಿಯನ್ನು ಬೆಂಚಿನ ಮೇಲೆ ಮುಂದಕ್ಕೂ ಹಿಂದಕ್ಕೂ ಉರುಳಿಸುತ್ತಿದ್ದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ಹೊಡುದ್ದು ನಂಗೆ ಗ್ಯಾಪ್ಕನೇ ಇಲ್ಲ," ಎಂದಳು. "ನಾನು ಬಸ್ ಹತ್ವಾಗ ನೀವು ಬಂಗ್ಲೆ ಅಡ್ಗೆಮನೆಯಿಂದ ಆಚೆಗೇ ಬರ್ಲಿಲ್ಲ. ಅವ್ವ ಒಬ್ಳೇ ಬಂದಿದ್ಳು. ಅದು ಅದೆ ಗ್ಯಾಪ್ಕ."

"ಬಂದಿದ್ದೆ," ಎಂದರು ದೊಡ್ಡಪ್ಪ. "ಟೀ ಗಿಡದ ಸಾಲಿನ ಹಿಂದೆ ನಿಂತಿದ್ದೆ. ಬಸ್ ತಿರುಗೋ ತನಕ ಇದ್ದೆ."

ದೊಡ್ಡಮ್ಮ ಗಂಡನ ಕಡೆ ತಿರುಗಿದರು. ಅವರಿಗೂ ಅದು ಗೊತ್ತಿರಲಿಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು. ಮಗಳು ಅಪ್ಪನನ್ನು ಸ್ವಲ್ಪ ಹೊತ್ತು ನೋಡಿ, ಅನ್ನಕ್ಕೆ ಇಡಬೇಕು ಎಂದು ಒಳಗೆ ಹೋದಳು. ದೊಡ್ಡಮ್ಮ ಹಿಂದೆಯೇ ಹೋಗಲು ಎದ್ದರು. ದೊಡ್ಡಪ್ಪ ಕೈಸನ್ನೆಯಿಂದ ಅವರನ್ನು ಕೂರಿಸಿ ತಾವೇ ಎದ್ದು ಒಳಗೆ ಹೋದರು. ಒಳಗಿಂದ ಮಾತು ಕೇಳಿಸಲಿಲ್ಲ. ಈರುಳ್ಳಿ ಹೆಚ್ಚುವ ಸದ್ದು ಕೇಳಿಸಿತು, ಬಂಗಲೆಯ ಅಡುಗೆಯವರ ಕೈಯ ಹಾಗೆ, ಬಿಡುವಿಲ್ಲದೆ, ಬಹಳ ವೇಗವಾಗಿ.

ಆಸರೆ ಇಲ್ಲದ ಲಾರಿಗೆ ಡಾಕ್ಟರು ಎಷ್ಟು ಬೇಕಾದರೂ ಕೊಡುತ್ತೇನೆ ಎಂದಿದ್ದರು. ಊಟದ ಹೊತ್ತಿನಲ್ಲಿ ನಾನು ಆ ಮಾತು ತೆಗೆದೆ. ಅದು ಆ ಹುಡುಗನದು, ಮಾರಲು ತಮ್ಮದಲ್ಲ ಎಂದರು ದೊಡ್ಡಪ್ಪ. ಡಾಕ್ಟರು ತಮ್ಮ ಗಾಜಿನ ಬೀರುವಿನಲ್ಲಿ ಇಟ್ಟುಕೊಳ್ಳಲಿ, ಹುಡುಗ ಯಾವತ್ತಾದರೂ ಕೇಳಿಕೊಂಡು ಬಂದರೆ ಕೊಡಲಿ. ಡಾಕ್ಟರು ಆ ಷರತ್ತಿಗೆ ಒಪ್ಪಿದರು. ಬೀರುವಿನಲ್ಲಿ ಅದರ ಕೆಳಗೆ ಒಂದು ಚೀಟಿ ಬರೆದು ಇಟ್ಟರು. ಕೇಳಿಕೊಂಡು ಯಾರೂ ಬರಲಿಲ್ಲ. ದಾರದ ಲಾರಿಯ ವಿಷಯ ಯಾರೂ ಎತ್ತಲಿಲ್ಲ. ಅದು ಆಗಲೇ ಮಗಳ ಮನೆಯ ಗೂಡಿನಲ್ಲಿ, ಬೆಂಕಿಪೊಟ್ಟಣದ ಪಕ್ಕ ನಿಂತಿತ್ತು.

ಮೂರೂವರೆಯ ಬಸ್ಸಿಗೆ ಹೊರಡಬೇಕಾಗಿತ್ತು. ದೊಡ್ಡಪ್ಪ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ, ಅಳಿಯನ ಜೊತೆ ಬಳ್ಳಿ ನೋಡಲು ತೋಟಕ್ಕೆ ಇಳಿದಿದ್ದರು. ಮಗಳು ಬಾಗಿಲಲ್ಲಿ ನಿಂತು, "ಅಪ್ಪ ನಾಕು ದಿನ ಇರ್ಲಿ ಬುಡು," ಎಂದು ತಾಯಿಗೆ ಹೇಳಿದಳು.

ದೊಡ್ಡಮ್ಮನೂ ನಾನೂ ಇಬ್ಬರೇ ಬಸ್ಸು ಹತ್ತಿದೆವು. ಮಾನಂತವಾಡಿ ದಾಟುವವರೆಗೆ ಅವರು ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಎಮ್ಮೆಗೆ ಗಂಡನ ಕೈಯೇ ಅಭ್ಯಾಸ, ತಾವು ಕೂತರೆ ಹಾಲು ಇಳಿಸುವುದಿಲ್ಲ, ಈ ನಾಲ್ಕು ದಿನ ಏನು ಮಾಡುವುದೋ ಎಂದು ಚಿಂತೆ ಮಾಡಿದರು. ನಾನು ಬೆಳಗ್ಗೆ ಬಸ್ಸಿಗೆ ಮುಂಚೆ ಬಂದು ಹಿಡಿದುಕೊಳ್ಳುತ್ತೇನೆ ಎಂದೆ. ನಾಲ್ಕು ದಿನ ಹನ್ನೊಂದಾಯಿತು. ಅಷ್ಟರಲ್ಲಿ ಎಮ್ಮೆ ನನಗೂ ಹೊಂದಿಕೊಂಡಿತ್ತು.